ಏಟು ಬಂದ ದಿಕ್ಕು: 10 ಎಂಎಂ ಪಿಸ್ತೂಲಿನ ಗೆಳೆಯರಿಗೊಂದು ಬಹಿರಂಗ ಪತ್ರ

ಅರಿಜೋನಾದಲ್ಲಿ ನೆಲೆಸಿರುವ ಕೊಡಗಿನ ಗೆಳೆಯರೇ,

ನಿಮ್ಮ ಪಿಸ್ತೂಲಿನ ಬಗ್ಗೆ ನೀವು ತಯಾರಕರಿಗೆ ಬರೆದ ದೂರಿನ ಪ್ರತಿಯನ್ನು ಓದಿದೆ. ಕೊಂಡು ಎರಡು ವರ್ಷ ತುಂಬಿಲ್ಲ, ಆಗಲೇ ಫ್ರೇಮಿನ ಎಡಗಡೆಯ ಹಳಿಯಲ್ಲಿ ಬಿರುಕು ಬಂದಿದೆ. ಉಕ್ಕು ಕಳಪೆ, ಕೆಲಸ ಕಳಪೆ, ಹಣ ವಾಪಸು ಕೊಡಿ ಎಂದು ಬರೆದಿದ್ದೀರಿ. ಕೊನೆಯಲ್ಲಿ, ಇನ್ನೇನು ಮರೆತೀತು ಎಂಬಂತೆ, ಬ್ಯಾರೆಲ್ಲಿನ ಅಡಿಯಲ್ಲಿ ಚಾಚಿಕೊಂಡಿರುವ ಲಗ್ಗೂ ಸ್ವಲ್ಪ ಜಜ್ಜಿದಂತಿದೆ ಎಂಬ ಒಂದು ಸಾಲು ಸೇರಿಸಿದ್ದೀರಿ. ಗನ್‌ಸ್ಮಿತ್ ಅಂಗಡಿಯಲ್ಲಿ ನೀವು ಬಿಟ್ಟುಹೋದ ಆ ಪಿಸ್ತೂಲನ್ನು ಅಂಗಡಿಯವರೂ ನಾನೂ ಜೊತೆಗೆ ಕೂತು ಬಿಚ್ಚಿ ನೋಡಿದೆವು. ಲೋಹ ಏಕೆ ಮುರಿಯಿತು ಎಂದು ಹುಡುಕುವುದೇ ನನ್ನ ಹೊಟ್ಟೆಪಾಡು. ಕಂಡದ್ದನ್ನು ನಿಮಗೊಬ್ಬರಿಗೇ ಹೇಳಿ ಮುಗಿಸಬಹುದಿತ್ತು. ಆದರೆ ಇದೇ ದೂರು, ಇದೇ ಮಾತಿನಲ್ಲಿ, ಇಲ್ಲಿನ ರೇಂಜುಗಳಲ್ಲಿ ಹಲವರ ಬಾಯಲ್ಲಿದೆ. ಮುರಿದ ಭಾಗವನ್ನು ಬದಲಿಸಿ, ಮುರಿದ ಕಾರಣವನ್ನು ಪಿಸ್ತೂಲಿನೊಳಗೇ ಬಿಟ್ಟು, ಮತ್ತೆ ಗುಂಡು ಹಾರಿಸಲು ಹೋಗುವವರನ್ನು ಕಂಡಾಗ ನನಗೆ ನಿಜವಾಗಿಯೂ ಭಯವಾಗುತ್ತದೆ. ಅದಕ್ಕೇ ಈ ಪತ್ರ ಎಲ್ಲರೆದುರಿಗೆ.

ಮೊದಲು ಒಂದು ಮಾತು. ನೀವು ಯಾವುದಕ್ಕಾಗಿ ಕೋಪಗೊಂಡಿದ್ದೀರೋ ಆ ಬಿರುಕು ನಿಮ್ಮ ಪಿಸ್ತೂಲಿನ ಎಲ್ಲ ಗಾಯಗಳಲ್ಲಿ ಅತಿ ಸಣ್ಣದು. ಕೊನೆಯ ಸಾಲಿನಲ್ಲಿ ಹೇಳಿ ಮುಗಿಸಿದ ಆ ಲಗ್ಗೇ ದೊಡ್ಡ ಗಾಯ.

ಏಕೆಂದು ಹೇಳಬೇಕಾದರೆ ಆ ಯಂತ್ರ ಒಂದು ಗುಂಡಿಗೆ ಎಷ್ಟು ಏಟು ತಿನ್ನುತ್ತದೆ ಎಂಬಲ್ಲಿಂದ ಶುರುಮಾಡಬೇಕು. ನಿಮ್ಮದು 1911 ಮಾದರಿಯದು. ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ್ದು, 1911ರ ಮಾರ್ಚ್‌ನಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡದ್ದು. ಒಪ್ಪುವ ಮುನ್ನ ನಡೆದ ಪರೀಕ್ಷೆಯಲ್ಲಿ 6,000 ಗುಂಡು ಹಾರಿಸಿದರೂ ಒಮ್ಮೆಯೂ ತಡವರಿಸದ ಯಂತ್ರ ಅದು. ಗುಂಡು ಸಿಡಿದಾಗ ಬ್ಯಾರೆಲ್ಲೂ ಸ್ಲೈಡೂ ಬ್ಯಾರೆಲ್ಲಿನ ಮೇಲಿನ ಲಗ್ಗುಗಳಿಂದ ಒಂದಕ್ಕೊಂದು ಕಚ್ಚಿಕೊಂಡೇ ಎರಡು ಮೂರು ಮಿಲಿಮೀಟರ್ ಹಿಂದೆ ಸರಿಯುತ್ತವೆ. ಅಷ್ಟರಲ್ಲಿ ಗುಂಡು ಬ್ಯಾರೆಲ್ ಬಿಟ್ಟು ಹೋಗಿರುತ್ತದೆ. ಆಮೇಲೆ ಅಡಿಯಲ್ಲಿರುವ ಲಿಂಕ್ ಬ್ಯಾರೆಲ್ಲಿನ ಹಿಂಬದಿಯನ್ನು ಕೆಳಗೆಳೆದು ಸ್ಲೈಡಿನಿಂದ ಬಿಡಿಸುತ್ತದೆ. ಬ್ಯಾರೆಲ್ ಅಲ್ಲೇ ಫ್ರೇಮಿಗೆ ತಾಗಿ ನಿಲ್ಲುತ್ತದೆ, ಸ್ಲೈಡ್ ಒಂಟಿಯಾಗಿ ಹಿಂದಕ್ಕೆ ಧಾವಿಸುತ್ತದೆ. ದಾರಿಯಲ್ಲಿ ಖಾಲಿ ತೋಟಾವನ್ನು ಎಳೆದು ಹೊರಗೆ ಎಸೆಯಬೇಕು, ಹ್ಯಾಮರನ್ನು ಮಡಚಬೇಕು, ರಿಕಾಯಿಲ್ ಸ್ಪ್ರಿಂಗನ್ನು ಒತ್ತಬೇಕು. ಇಷ್ಟೆಲ್ಲ ಮಾಡಿಯೂ ಉಳಿದ ಶಕ್ತಿಯಿಂದ ಫ್ರೇಮನ್ನು ಬಡಿಯುತ್ತದೆ. ಇದು ಹಿಂದಿನ ಏಟು. ಬಳಿಕ ಸ್ಪ್ರಿಂಗ್ ತನ್ನೊಳಗೆ ಕೂಡಿಟ್ಟದ್ದನ್ನು ಹಿಂದಿರುಗಿಸುತ್ತದೆ. ಸ್ಲೈಡ್ ಮುನ್ನುಗ್ಗಿ, ಮ್ಯಾಗಜೀನಿನಿಂದ ಹೊಸ ತೋಟಾವನ್ನು ಕಿತ್ತು ಚೇಂಬರಿಗೆ ತಳ್ಳಿ, ಬ್ಯಾರೆಲ್ಲನ್ನು ಮೇಲೆತ್ತಿ ಬೀಗ ಹಾಕಿ ನಿಲ್ಲುತ್ತದೆ. ಆಗ ಬ್ಯಾರೆಲ್ಲಿನ ಅಡಿಯ ಲಗ್ಗು ಸ್ಲೈಡ್ ಸ್ಟಾಪ್ ಪಿನ್ನಿಗೆ ಹೊಡೆಯುತ್ತದೆ. ಇದು ಮುಂದಿನ ಏಟು. ಒಂದು ಗುಂಡಿಗೆ ಎರಡು ಏಟು, ಎರಡೂ ಎದುರುಬದುರು ದಿಕ್ಕಿನವು. ಸವೆದ ಭಾಗವನ್ನು ಕೈಗೆತ್ತಿಕೊಂಡಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು ಯಾವ ಉಕ್ಕು ಎಂಬುದಲ್ಲ, ಏಟು ಯಾವ ಕಡೆಯಿಂದ ಬಂತು ಎಂಬುದು.

ಈ ಯಂತ್ರವನ್ನು ಬ್ರೌನಿಂಗ್ ಹೊಂದಿಸಿದ್ದು .45 ತೋಟಾಕ್ಕೆ. ನೀವು ಅದರಲ್ಲಿ ಹಾರಿಸುತ್ತಿರುವುದು 10 ಎಂಎಂ. ರೇಂಜಿನಲ್ಲಿ ಎಲ್ಲರೂ ಒತ್ತಡದ ಅಂಕಿ ಹೇಳುತ್ತಾರೆ. .45ಕ್ಕೆ ಗರಿಷ್ಠ ಮಿತಿ 21,000 ಪಿಎಸ್‌ಐ, 10 ಎಂಎಂಗೆ 37,500. ಹಾಗಾಗಿಯೇ ಫ್ರೇಮ್ ಒಡೆಯಿತು ಎನ್ನುತ್ತಾರೆ. ಆದರೆ ಒತ್ತಡದ ಹೊರೆ ಬೀಳುವುದು ಚೇಂಬರಿನ ಗೋಡೆ, ಖಾಲಿ ತೋಟಾದ ತಳ, ಕಚ್ಚಿಕೊಂಡ ಲಗ್ಗುಗಳ ಮೇಲೆ. ಸಾಧಾರಣ 9 ಎಂಎಂ ತೋಟಾದ ಮಿತಿಯೂ 35,000 ಪಿಎಸ್‌ಐ, ಅದರ ಪಿಸ್ತೂಲುಗಳ ಫ್ರೇಮುಗಳೇನೂ ಹೀಗೆ ಒಡೆಯುವುದಿಲ್ಲ. ಫ್ರೇಮನ್ನು ಬಡಿಯುವುದು ಸ್ಲೈಡು. ಸ್ಲೈಡಿಗೆ ವೇಗ ಕೊಡುವುದು ಗುಂಡಿನ ತೂಕ ಮತ್ತು ವೇಗದ ಗುಣಲಬ್ಧ. ಲೆಕ್ಕ ಹಾಕಿ ನೋಡಿ. .45ರ ಗುಂಡು ಸುಮಾರು 15 ಗ್ರಾಂ, ಸೆಕೆಂಡಿಗೆ 250 ಮೀಟರ್‌ನ ಆಸುಪಾಸು. 10 ಎಂಎಂನ ಮೂಲ ತೋಟಾವನ್ನು 1983ರಲ್ಲಿ ತಯಾರಿಸಿದ್ದು ಸ್ವೀಡನ್ನಿನ ನಾರ್ಮಾ ಕಂಪನಿ. ಗುಂಡಿನ ತೂಕ 200 ಗ್ರೇನ್, ಅಂದರೆ 13 ಗ್ರಾಂ; ವೇಗ 1,200 ಅಡಿ, ಅಂದರೆ ಸುಮಾರು 366 ಮೀಟರ್. ಗುಣಲಬ್ಧ ಕಾಲು ಭಾಗದಷ್ಟು ಹೆಚ್ಚಾಯಿತು. ಸ್ಲೈಡಿನ ತೂಕ ಅಷ್ಟೇ ಇದ್ದರೆ ಅದರ ವೇಗವೂ ಕಾಲು ಭಾಗ ಹೆಚ್ಚುತ್ತದೆ. ಆದರೆ ಚಲನೆಯ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಒಂದೂವರೆ ಪಟ್ಟು ದಾಟುತ್ತದೆ. ಅದೇ ಫ್ರೇಮು, ಅದೇ ಅಳತೆಯ ಹಳಿ, ಅದೇ ಪಿನ್ನು. ಏಟು ಮಾತ್ರ ಒಂದೂವರೆ ಪಟ್ಟಿಗೂ ಜಾಸ್ತಿ. ನಿಮ್ಮ ಪಿಸ್ತೂಲಿನ ಕಥೆಯ ಬೇರು ಇಲ್ಲಿದೆ.

ಇದು ನಿಮ್ಮಿಂದ ಶುರುವಾದದ್ದಲ್ಲ. 10 ಎಂಎಂಗೆಂದೇ ಹುಟ್ಟಿದ ಮೊದಲ ಪಿಸ್ತೂಲು ಕ್ಯಾಲಿಫೋರ್ನಿಯಾದ ಡಾರ್ನಸ್ ಅಂಡ್ ಡಿಕ್ಸನ್ ಕಂಪನಿಯ ಬ್ರೆನ್ ಟೆನ್. ಪಿಸ್ತೂಲು ತರಬೇತಿಗೆ ಹೆಸರಾದ ಜೆಫ್ ಕೂಪರ್ ಅದರ ಹಿಂದಿದ್ದರು, ಚೆಕೊಸ್ಲೊವಾಕಿಯಾದ ಸಿಝಡ್ 75 ಅದಕ್ಕೆ ಮಾದರಿ. ಆದರೆ ಮ್ಯಾಗಜೀನುಗಳನ್ನೇ ಸಕಾಲಕ್ಕೆ ಒದಗಿಸಲಾಗದೆ 1986ರಲ್ಲಿ ಕಂಪನಿ ಮುಚ್ಚಿಹೋಯಿತು. ತೋಟಾ ಮಾತ್ರ ಉಳಿಯಿತು. ಅದೇ ವರ್ಷದ ಏಪ್ರಿಲ್ 11ರಂದು ಮಿಯಾಮಿಯ ಬೀದಿಯಲ್ಲಿ ಇಬ್ಬರು ದರೋಡೆಕೋರರೊಂದಿಗೆ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಸತ್ತು ಐವರು ಗಾಯಗೊಂಡರು. ದರೋಡೆಕೋರನೊಬ್ಬನಿಗೆ ತಗುಲಿದ 9 ಎಂಎಂ ಗುಂಡು ಎದೆಯೊಳಗೆ ಹೋಗಿ ಹೃದಯ ಮುಟ್ಟುವ ಮುನ್ನವೇ ನಿಂತಿತ್ತು. ಆತ ಅನಂತರವೂ ಹೊಡೆದಾಡಿದ. ಹೆಚ್ಚು ಬಲದ ತೋಟಾ ಬೇಕೆಂದು ಹುಡುಕಿದ ಸಂಸ್ಥೆ 10 ಎಂಎಂಗೆ ಬಂದು ನಿಂತಿತು. ಪರೀಕ್ಷೆ ಮಾಡಿ ಮಾಡಿ ಅವರು ಕೊನೆಗೆ ಆರಿಸಿದ್ದು ಪೂರ್ಣ ಬಲದ ತೋಟಾವನ್ನಲ್ಲ. 180 ಗ್ರೇನಿನ ಗುಂಡು, ಸೆಕೆಂಡಿಗೆ 950 ಅಡಿ. ಅದರ ಗುಣಲಬ್ಧ ಲೆಕ್ಕ ಹಾಕಿದರೆ .45ಕ್ಕಿಂತಲೂ ಕಡಿಮೆ! ಅಷ್ಟಕ್ಕೆ ಅಷ್ಟುದ್ದದ ತೋಟಾ ಬೇಕಿಲ್ಲವೆಂದು ಸ್ಮಿತ್ ಅಂಡ್ ವೆಸನ್ ಮತ್ತು ವಿಂಚೆಸ್ಟರ್ ಸೇರಿ ಮೂರೂವರೆ ಮಿಲಿಮೀಟರ್‌ನಷ್ಟು ಗಿಡ್ಡ ಮಾಡಿದ್ದೇ 1990ರ .40. ಬಲ ಬೇಕೆಂದು ಹೊರಟವರು ತಮಗೆ ಎಷ್ಟು ಸಾಕು ಎಂದು ಅಳೆದು ನಿಂತರು. ಆ ಅಳತೆಯನ್ನು ನಾನು ಗೌರವಿಸುತ್ತೇನೆ. ನಿಮ್ಮ ದೂರಿನಲ್ಲಿ, ಎಫ್‌ಬಿಐ ಕೂಡ ಆರಿಸಿದ ತೋಟಾ ಎಂದು ಬರೆದಿದ್ದೀರಿ. ಅವರು ಆರಿಸಿದ್ದು ನೀವು ಹಾರಿಸುತ್ತಿರುವುದನ್ನಲ್ಲ.

ಇನ್ನು ಆ ಬಿರುಕು. 1987ರಲ್ಲಿ ಕೋಲ್ಟ್ ಕಂಪನಿ 1911ರ ಮೈಗೆ 10 ಎಂಎಂ ಹೊಂದಿಸಿ ಡೆಲ್ಟಾ ಎಲೀಟ್ ಎಂಬ ಪಿಸ್ತೂಲು ತಂದಿತು. ಅದರ ಕೆಲವು ಫ್ರೇಮುಗಳು ನಿಮ್ಮದು ಒಡೆದ ಜಾಗದಲ್ಲೇ ಒಡೆದವು. ಎಡಗಡೆ ಸ್ಲೈಡ್ ಸ್ಟಾಪ್ ಕೂರುವ ಕಿಂಡಿಯ ನೆತ್ತಿಯಲ್ಲಿ ಹಳಿ ತೀರ ತೆಳ್ಳಗಿನ ಪಟ್ಟಿಯಾಗಿ ಹಾಯುತ್ತದೆ. ಕಿಂಡಿ ಕೊರೆದ ಕಟರ್ ಒಳಮೂಲೆಯನ್ನು ಚೂಪಾಗಿ ಬಿಟ್ಟಿರುತ್ತದೆ. ಪ್ರತಿ ಏಟಿಗೂ ಫ್ರೇಮ್ ಕೂದಲೆಳೆಯಷ್ಟು ಬಾಗಿದಾಗ ಎಳೆತವೆಲ್ಲ ಆ ಮೂಲೆಗೇ ಬಂದು ಸೇರುತ್ತದೆ. ಇದಕ್ಕೆ ಕೋಲ್ಟ್ ಕಂಡುಕೊಂಡ ಪರಿಹಾರವೇನು ಗೊತ್ತೇ? ಅಲ್ಲಿ ಉಕ್ಕು ಸೇರಿಸಲಿಲ್ಲ, ಗಟ್ಟಿ ಉಕ್ಕಿಗೂ ಹೋಗಲಿಲ್ಲ. ಆ ತೆಳು ಪಟ್ಟಿಯನ್ನೇ ಕತ್ತರಿಸಿ ತೆಗೆದುಬಿಟ್ಟಿತು. ಹಳಿಯ ಕೆಲಸ ಸ್ಲೈಡನ್ನು ಹಿಡಿದು ಸಾಗಿಸುವುದು; ಅದಕ್ಕೆ ಹಿಂದೆ ಮುಂದೆ ಬೇಕಾದಷ್ಟು ಉದ್ದ ಉಳಿದಿತ್ತು. ಪಟ್ಟಿ ಇಲ್ಲದೆ ಹೋದ ಮೇಲೆ ಬಿರುಕು ಹುಟ್ಟುವ ಮೂಲೆಯೂ ಇಲ್ಲದಾಯಿತು. ನನ್ನ ಕಸುಬಿನ ಯಾರಿಗೇ ಹೇಳಿದರೂ ಕೈ ಮುಗಿಯುವಂಥ ಪರಿಹಾರ ಅದು. ನಿಮ್ಮ ಫ್ರೇಮಿನಲ್ಲಿ ಆ ಪಟ್ಟಿ ಇನ್ನೂ ಇತ್ತು, ಅದೇ ಬಿರಿದಿದೆ. ಬಿರುಕು ಅಲ್ಲಿಗೇ ನಿಂತಿದ್ದರೆ ಫ್ರೇಮಿಗೆ ಆಯುಷ್ಯ ಇನ್ನೂ ಇದೆ. ಕೆಳಗಿಳಿದು ಪಿನ್ನಿನ ತೂತಿನತ್ತ ಸಾಗಿದೆಯೇ ಎಂಬುದಷ್ಟೇ ಪ್ರಶ್ನೆ. ಬಣ್ಣದ ದ್ರಾವಣ ಹಚ್ಚಿ, ಒರೆಸಿ, ಬಿಳಿಪುಡಿ ಉದುರಿಸಿ ನೋಡಿದೆವು, ಸಾಗಿಲ್ಲ.

ಈಗ ನಾವು ಕಂಡದ್ದನ್ನು ಹೇಳುತ್ತೇನೆ. ಹಿಂದೆ ಬಂದ ಸ್ಲೈಡಿನ ಏಟು ಬೀಳುವ, ಸ್ಪ್ರಿಂಗಿನ ಗೈಡಿನ ತಲೆ ಫ್ರೇಮಿಗೆ ಕೂರುವ ಜಾಗವನ್ನು ಹತ್ತು ಪಟ್ಟು ಹಿಗ್ಗಿಸುವ ಲೂಪಿನಲ್ಲಿ ನೋಡಿದರೆ ಅಲ್ಲಿನ ಲೋಹ ಹರಿದುಕೊಂಡು ಅಂಚಿನಾಚೆಗೆ ತುಟಿಯಾಗಿ ಬಂದಿದೆ. ಕಲ್ಲು ಒಡೆಯುವವರ ಉಳಿಯ ತಲೆ ಸುತ್ತಿಗೆ ತಿಂದು ತಿಂದು ಅಣಬೆಯಂತೆ ಅರಳುವುದನ್ನು ನೀವು ನೋಡಿರುತ್ತೀರಿ, ಇದೂ ಹಾಗೆಯೇ. ಉಜ್ಜಿ ಸವೆದ ಲೋಹ ನಯವಾಗಿ ಹೊಳೆಯುತ್ತದೆ, ಅದರ ಅಳತೆ ಕಡಿಮೆಯಾಗುತ್ತದೆ. ಬಡಿದು ಜಜ್ಜಿದ ಲೋಹ ಎಲ್ಲಿಗೂ ಹೋಗುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ. ಎರಡನ್ನೂ ಸವೆತ ಎಂದೇ ಕರೆದರೆ ಕಾರಣ ಕೈಗೆ ಸಿಗುವುದಿಲ್ಲ. ಕಪ್ಪು ಬಣ್ಣ ಹೋಗಿ ಬೆಳ್ಳಗಾದದ್ದು ಸವೆತವೇ ಅಲ್ಲ. ಸ್ಟೇನ್‌ಲೆಸ್ ಪಿಸ್ತೂಲುಗಳಲ್ಲಿ ಎಣ್ಣೆ ಇಲ್ಲದ ಎರಡು ಮೈಗಳು ಒಂದನ್ನೊಂದು ಹಿಡಿದು ಕಿತ್ತ ಒರಟು ಗೆರೆಗಳು ಬೇರೊಂದು ಕಾಯಿಲೆ, ಅದಕ್ಕೆ ಮದ್ದು ಗ್ರೀಸು. ನಿಮ್ಮ ಹಳಿಗಳ ಮೇಲೆ ಅಂಥದ್ದೇನೂ ಇಲ್ಲ. ಪಿಸ್ತೂಲನ್ನು ಶುಚಿಯಾಗಿ, ಎಣ್ಣೆ ಹಚ್ಚಿ ಇಟ್ಟಿದ್ದೀರಿ. ಕೈಲ್‌ಪೊಳ್ದ್‌ಗೆ ಮುಂಚೆ ಮನೆಯ ಕೋವಿಯನ್ನೆಲ್ಲ ಉಜ್ಜಿ ಒರೆಸಿ, ಹಬ್ಬದ ದಿನ ತೋಕ್ ಪೂ ಇಟ್ಟು ಪೂಜಿಸುವ ಮನೆಯಲ್ಲಿ ಬೆಳೆದ ಕೈಯೆಂದು ಗೊತ್ತಾಗುತ್ತದೆ. ಆ ಶ್ರದ್ಧೆಗೆ ನನ್ನ ನಮಸ್ಕಾರವಿದೆ. ಆದರೆ ತೋಟದ ಮನೆಯ ಆ ಕೋವಿಯಲ್ಲಿ ಹಿಂದೆ ಮುಂದೆ ಬಡಿದಾಡುವ ಸ್ಲೈಡಿರಲಿಲ್ಲ, ಆಯುಷ್ಯ ಮುಗಿಯುವ ಸ್ಪ್ರಿಂಗೂ ಇರಲಿಲ್ಲ. ಅದಕ್ಕೆ ಶುಚಿಯೇ ಬಹುಪಾಲು ಆರೈಕೆ. ಇದಕ್ಕೆ ಅಷ್ಟು ಸಾಲದು.

ಗೈಡಿನ ಹಿಂದೆ ಜಜ್ಜಿದ್ದು ಹಿಂದಿನ ಏಟಿನ ಗುರುತು. ಹಳಿಯ ಬಿರುಕೂ ಅದೇ ದಿಕ್ಕಿನದು. ಅಂದರೆ ಸ್ಲೈಡ್ ಮಿತಿಮೀರಿದ ವೇಗದಲ್ಲಿ ಹಿಂದೆ ಬಂದಿದೆ. ಕಾರಣಕ್ಕಾಗಿ ನೀವು ಡಬ್ಬಿಯಲ್ಲಿ ಹಾಕಿಟ್ಟಿದ್ದ ಹಳೆಯ ಸ್ಪ್ರಿಂಗನ್ನು ಅದೇ ನಂಬರಿನ ಹೊಸದರ ಪಕ್ಕ ನಿಲ್ಲಿಸಿದೆವು. ಹಲವು ಸುತ್ತಿನಷ್ಟು ಗಿಡ್ಡವಾಗಿದೆ. ಸ್ವಲ್ಪ ಗಿಡ್ಡವಾಗುವುದು ಸಹಜ, ಮೊದಲ ಕೆಲವು ನೂರು ಗುಂಡಿಗೇ ಸ್ಪ್ರಿಂಗು ಕೂತುಕೊಳ್ಳುತ್ತದೆ. ಆದರೆ ಇಷ್ಟು ಗಿಡ್ಡವಾದದ್ದು ಸತ್ತ ಸ್ಪ್ರಿಂಗು. ಪಿಸ್ತೂಲಿನಲ್ಲಿ ಅತಿ ಅಗ್ಗದ ಭಾಗ ಅದು, ಇಲ್ಲಿ ಒಂದು ಹೊತ್ತಿನ ಊಟದ ಬೆಲೆ. ಪೂರ್ಣ ಬಲದ 10 ಎಂಎಂ ಹಾರಿಸುವವರು ಸಾವಿರ, ಹೆಚ್ಚೆಂದರೆ ಎರಡು ಸಾವಿರ ಗುಂಡಿಗೊಮ್ಮೆ ಅದನ್ನು ಬದಲಿಸಬೇಕೆಂಬುದು ನನ್ನ ಅಭಿಪ್ರಾಯ. ನೀವು ಅದನ್ನು ಮುಟ್ಟಿಲ್ಲ, ಬಿರುಕು ಕಾಣುವವರೆಗೆ.

ಬಿರುಕು ಕಂಡ ಮೇಲೆ ಮುಟ್ಟಿದಿರಿ, ಆಗಲೇ ಎರಡನೆಯ ಅನಾಹುತ ಶುರುವಾದದ್ದು. ಯಾರೋ ಹೇಳಿದರೆಂದು ಸಿಕ್ಕ ಸ್ಪ್ರಿಂಗುಗಳಲ್ಲೆಲ್ಲ ಗಟ್ಟಿಯಾದದ್ದನ್ನು, 24 ಪೌಂಡಿನದನ್ನು, ಹಾಕಿಸಿದ್ದೀರಿ. .45ರ ಐದಂಗುಲದ 1911ಕ್ಕೆ ವಾಡಿಕೆ 16 ಪೌಂಡು. ಗಟ್ಟಿ ಸ್ಪ್ರಿಂಗ್ ಹಾಕಿದರೆ ಏಟನ್ನು ಅದೇ ನುಂಗುತ್ತದೆ ಎಂಬ ನಂಬಿಕೆ ರೇಂಜುಗಳಲ್ಲಿ ವೇದವಾಕ್ಯವಾಗಿದೆ. ಇದನ್ನೂ ಲೆಕ್ಕದಲ್ಲಿಟ್ಟು ನೋಡಿ. ಅರ್ಧ ಕಿಲೋ ಆಸುಪಾಸಿನ ಸ್ಲೈಡು ಸೆಕೆಂಡಿಗೆ ಏಳೆಂಟು ಮೀಟರ್ ವೇಗದಲ್ಲಿ ಹಿಂದೆ ಬಂದರೆ ಅದರಲ್ಲಿರುವ ಶಕ್ತಿ ಹದಿನೈದು ಜೂಲ್‌ನಷ್ಟು. 16 ಪೌಂಡಿನ ಸ್ಪ್ರಿಂಗು ಐದು ಸೆಂಟಿಮೀಟರ್ ಒತ್ತಿಕೊಂಡಾಗ ಕುಡಿಯುವುದು ಎರಡೂವರೆ ಜೂಲ್ ಚಿಲ್ಲರೆ. ಐದರಲ್ಲೊಂದು ಪಾಲೂ ಅಲ್ಲ! 24 ಪೌಂಡಿನದು ಕುಡಿಯುವುದು ನಾಲ್ಕು ಜೂಲ್, ಅಷ್ಟರಲ್ಲಿ 10 ಎಂಎಂ ಸ್ಲೈಡಿನ ಶಕ್ತಿಯೂ ಇಪ್ಪತ್ತು ದಾಟಿರುತ್ತದೆ. ಸ್ಪ್ರಿಂಗಿನ ಮುಖ್ಯ ಕೆಲಸ ಸ್ಲೈಡನ್ನು ಮುಂದಕ್ಕೆ ತಳ್ಳಿ ಬೀಗ ಹಾಕುವುದು. ಏಟು ನುಂಗುವುದು ಅದಕ್ಕೆ ಅಂಟಿಕೊಂಡ ಸಣ್ಣ ಉಪಕಾರ. ಸತ್ತ ಸ್ಪ್ರಿಂಗಿನಲ್ಲಿ ಆ ಸಣ್ಣ ಉಪಕಾರವೂ ಹೋಗುತ್ತದೆ, ಈಗಾಗಲೇ ಅಂಚಿನಲ್ಲಿದ್ದ ಫ್ರೇಮಿಗೆ ಅಷ್ಟೇ ಸಾಕು. ಆದರೆ ಗಟ್ಟಿ ಸ್ಪ್ರಿಂಗು ನುಂಗಿದ ಹೆಚ್ಚುವರಿ ಶಕ್ತಿ ಮಾಯವಾಗುವುದಿಲ್ಲ. ಅದನ್ನೆಲ್ಲ ಹಿಂದಿರುಗಿಸುತ್ತದೆ, ಮುಂದಿನ ದಿಕ್ಕಿಗೆ.

ಆ ಲಗ್ಗಿನ ಕಥೆ ಇದೇ. ಬ್ಯಾರೆಲ್ಲಿನ ಅಡಿಯ ಲಗ್ಗಿಗೆ ಎರಡು ಮುಖ. ಹಿಂಬದಿಯದು, ಬ್ಯಾರೆಲ್ ಕೆಳಗಿಳಿದು ಫ್ರೇಮಿಗೆ ತಾಗುವಾಗ ಏಟು ತಿನ್ನುವುದು. ಮುಂಬದಿಯದು, ಬ್ಯಾರೆಲ್ ಮೇಲೇರಿ ಪಿನ್ನಿನ ಮೇಲೆ ಕೂರುವಾಗ ತಿನ್ನುವುದು. ನಿಮ್ಮದರಲ್ಲಿ ಹಿಂಬದಿ ಸ್ವಚ್ಛವಾಗಿದೆ, ಕಾರ್ಖಾನೆಯ ಕಟರಿನ ಗೆರೆಗಳು ಇನ್ನೂ ಎಣಿಸುವಂತಿವೆ. ಮುಂಬದಿಯ ಬಾಗಿನಲ್ಲಿ ಎರಡೂ ಕಾಲುಗಳು ಚಪ್ಪಟೆಯಾಗಿವೆ, ಎಡಗಾಲು ಹೆಚ್ಚು. ಸ್ಲೈಡ್ ಸ್ಟಾಪ್ ಪಿನ್ನನ್ನು ಉಗುರಿನಿಂದ ಸವರಿದರೆ ಅದೇ ಜಾಗದಲ್ಲಿ ಉಗುರು ತಗ್ಗಿಗಿಳಿಯುತ್ತದೆ. ಇದಷ್ಟೂ ಹೊಸ ಸ್ಪ್ರಿಂಗಿನ ಕಾಲದ ಗಾಯ. ನೀವೇ ಹೇಳಿದಂತೆ ಅದನ್ನು ಹಾಕಿಸಿದ ಮೇಲೆಯೇ ಪಿಸ್ತೂಲು ಆಗಾಗ ತೋಟಾವನ್ನು ದಾಟಿ ಖಾಲಿ ಚೇಂಬರಿನ ಮೇಲೆ ಮುಚ್ಚಿಕೊಳ್ಳತೊಡಗಿದ್ದು. ಸ್ಲೈಡು ಅಷ್ಟು ಜೋರಾಗಿ ಮುನ್ನುಗ್ಗಿದರೆ ಮ್ಯಾಗಜೀನಿನ ಸ್ಪ್ರಿಂಗಿಗೆ ಮುಂದಿನ ತೋಟಾವನ್ನು ಮೇಲೆತ್ತುವಷ್ಟು ಹೊತ್ತು ಸಿಗುವುದಿಲ್ಲ. ಮ್ಯಾಗಜೀನು ಕೆಟ್ಟಿದೆ ಎಂದುಕೊಂಡು ಹೊಸ ಮ್ಯಾಗಜೀನು ಕೊಂಡಿರಿ. ಉಕ್ಕು ಕೆಟ್ಟಿದೆ ಎಂದುಕೊಂಡು ದೂರು ಬರೆದಿರಿ. ಎರಡೂ ಕೆಟ್ಟಿರಲಿಲ್ಲ.

ಹಳಿಯ ಪಟ್ಟಿ ಹೋದರೆ ಪಿಸ್ತೂಲು ನಡೆಯುತ್ತದೆ. ಅಡಿಯ ಲಗ್ಗು ಬಿರಿದರೆ ಬ್ಯಾರೆಲ್ಲಿಗೆ ಬೀಗ ಹಾಕುವ, ಬಿಡಿಸುವ ಹೊತ್ತೇ ತಪ್ಪುತ್ತದೆ. ಹೊತ್ತು ತಪ್ಪಿದರೆ ಮೇಲಿನ ಲಗ್ಗುಗಳ ಅಂಚು ಪೂರ್ತಿ ಕಚ್ಚಿಕೊಳ್ಳದೆ ದುಂಡಾಗತೊಡಗುತ್ತದೆ. ನಿಮ್ಮದರಲ್ಲಿ ಮೇಲಿನ ಲಗ್ಗುಗಳ ಅಂಚು ಇನ್ನೂ ಚೌಕವಾಗಿಯೇ ಇದೆ, ದೇವರ ದಯೆ. ದುಂಡಾಗಿದ್ದರೆ ಬ್ಯಾರೆಲ್ಲು, ಸ್ಲೈಡು ಎರಡೂ ಗುಜರಿಗೆ.

ತೋಟಾಗಳ ವಿಷಯಕ್ಕೆ ಬರುತ್ತೇನೆ. ನೀವು ಚೀಲದಲ್ಲಿ ತಂದ ಖಾಲಿ ತೋಟಾಗಳು ಫ್ರೇಮಿಗಿಂತ ಹೆಚ್ಚು ಮಾತಾಡಿದವು. ಕಂಪನಿಯ ತೋಟಾಗಳಲ್ಲಿ ಪ್ರೈಮರಿನ ಅಂಚು ದುಂಡಗಿದೆ. ನೀವೇ ಮದ್ದು ತುಂಬಿದ ತೋಟಾಗಳಲ್ಲಿ ಪ್ರೈಮರು ಚಪ್ಪಟೆಯಾಗಿ ಅಂಚಿನವರೆಗೂ ಹರಡಿದೆ. ಕೆಲವದರಲ್ಲಿ ಫೈರಿಂಗ್ ಪಿನ್ನಿನ ಗುಳಿಯಿಂದ ಒಂದು ಬಾಲ ಎಳೆದಂತಾಗಿದೆ. ಪಿನ್ನು ಗುಳಿಯಿಂದ ಹಿಂದೆ ಸರಿಯುವ ಮೊದಲೇ ಬ್ಯಾರೆಲ್ ಕೆಳಗಿಳಿದಿದೆ ಎಂದು ಅದರರ್ಥ. ತಳಕ್ಕೆ ತುಸು ಮೇಲೆ, ಫೀಡ್ ರ‍್ಯಾಂಪಿಗಾಗಿ ಚೇಂಬರಿನ ಗೋಡೆ ಕತ್ತರಿಸಿದ ಕಡೆ, ಹಿತ್ತಾಳೆ ಉಬ್ಬಿದೆ. ಅಲ್ಲಿ ತೋಟಾಕ್ಕೆ ಉಕ್ಕಿನ ಆಸರೆಯಿಲ್ಲ, ಹಿತ್ತಾಳೆಯೊಂದೇ ತಡೆದು ನಿಂತಿರುತ್ತದೆ. ಅದು ಒಡೆದರೆ ಉರಿಯುವ ಅನಿಲ ಮ್ಯಾಗಜೀನಿನ ದಾರಿಯಲ್ಲಿ ಕೆಳಗೆ, ನಿಮ್ಮ ಅಂಗೈಗೆ ಬರುತ್ತದೆ. ಗೆಳೆಯರೇ, ಇದನ್ನು ಓದಿ ಮುಂದಿನ ಸಾಲಿಗೆ ದಾಟಿಬಿಡಬೇಡಿ. ಪ್ರಕಟವಾದ ಕೈಪಿಡಿಯ ಗರಿಷ್ಠ ಅಳತೆಯ ಮೇಲೆ ನೀವು ಹಾಕಿದ ಒಂದೊಂದು ಕಾಳು ಮದ್ದೂ ಅಲ್ಲಿಗೇ ಒತ್ತುತ್ತಿತ್ತು. ಆ ಉಬ್ಬಿದ ಹಿತ್ತಾಳೆಯನ್ನು ಮತ್ತೆ ತುಂಬಲೆಂದು ಎತ್ತಿಟ್ಟಿದ್ದಿರಿ. ನಿಮ್ಮನ್ನು ಕೇಳದೆಯೇ ಅಷ್ಟನ್ನೂ ಚಪ್ಪಟೆ ಮಾಡಿ ಎಸೆದಿದ್ದೇವೆ.

ಖಾಲಿ ತೋಟಾ ಎಷ್ಟು ದೂರ ಹಾರುತ್ತದೆ ಎಂಬುದನ್ನೇ ನೋಡಿ ಸ್ಪ್ರಿಂಗ್ ಆರಿಸುವವರಿದ್ದಾರೆ. ನಾನು ಅದನ್ನು ಪೂರ್ತಿ ನಂಬುವುದಿಲ್ಲ. ಎಕ್ಸ್‌ಟ್ರ್ಯಾಕ್ಟರಿನ ಬಿಗಿ, ಎಜೆಕ್ಟರಿನ ಉದ್ದ ಕೂಡ ಆ ದೂರವನ್ನು ಬದಲಿಸುತ್ತವೆ. ಒಂದೇ ಪಿಸ್ತೂಲು, ಒಂದೇ ತೋಟಾ ಇದ್ದು ಮೊದಲು ಎರಡಾಳುದ್ದ ಹಾರುತ್ತಿದ್ದದ್ದು ಈಗ ನಾಲ್ಕಾಳುದ್ದ ಹಾರಿದರೆ, ಆಗ ಅದು ಸುದ್ದಿ. ಗೈಡಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಬಫರಿನ ವಿಷಯವೂ ಹಾಗೆಯೇ. ಅದನ್ನು ಔಷಧಿಯೆಂದು ನಂಬಬೇಡಿ, ಅದು ಸ್ಲೈಡಿನ ಓಟವನ್ನು ಗಿಡ್ಡ ಮಾಡುತ್ತದೆ, ಚೂರುಚೂರಾಗಿ ಒಳಗೆ ಉದುರುತ್ತದೆ. ಆದರೆ ಒಂದು ಮಧ್ಯಾಹ್ನ ಹಾಕಿ ತೆಗೆದು ಅದರ ಮುಖ ನೋಡಿದರೆ ಸ್ಲೈಡು ಎಷ್ಟು ಜೋರಾಗಿ ಬಡಿಯುತ್ತಿದೆ ಎಂದು ತಿಳಿಯುತ್ತದೆ.

ಸವೆತವನ್ನು ಇಷ್ಟು ಗಂಭೀರವಾಗಿ ಏಕೆ ತೆಗೆದುಕೊಳ್ಳಬೇಕು ಎನ್ನುವವರಿಗೆ ಬೆರೆಟ್ಟಾ ಎಂ9ರ ನೆನಪು ಸಾಕು. 1985ರಲ್ಲಿ ಅಮೆರಿಕದ ಸೇನೆ ಆರಿಸಿದ ಆ ಪಿಸ್ತೂಲಿನ ಕೆಲವು ಸ್ಲೈಡುಗಳು ಗುಂಡು ಹಾರಿಸುತ್ತಿರುವಾಗಲೇ ಎರಡು ತುಂಡಾಗಿ, ಹಿಂದಿನ ತುಂಡು ಹಾರಿಸುವವರ ಮುಖಕ್ಕೆ ಬಂದು ಗಾಯವಾಯಿತು. ಉಕ್ಕಿನದು ತಪ್ಪೋ, ಹೆಚ್ಚು ಒತ್ತಡದ ತೋಟಾದ್ದೋ ಎಂದು ದೊಡ್ಡ ವಾದ ನಡೆಯಿತು. 1988ರಲ್ಲಿ ಅಮೆರಿಕ ಸಂಸತ್ತಿನ ಲೆಕ್ಕ ಪರಿಶೋಧನಾ ಕಚೇರಿಯೇ ಅದರ ಮೇಲೆ ವರದಿ ಕೊಟ್ಟಿತು. ವಾದ ಏನೇ ಇರಲಿ, ವಿನ್ಯಾಸಕಾರರು ಒಂದು ಕೆಲಸ ಮಾಡಿದರು. ಹ್ಯಾಮರಿನ ಪಿನ್ನಿನ ತಲೆಯನ್ನು ದೊಡ್ಡದು ಮಾಡಿ, ಸ್ಲೈಡಿನಲ್ಲಿ ಅದಕ್ಕೊಂದು ತೋಡು ಕೊರೆದರು. ಸ್ಲೈಡ್ ಮುರಿದರೂ ಹಿಂದಿನ ತುಂಡು ಆ ಪಿನ್ನಿಗೆ ಸಿಕ್ಕಿ ನಿಲ್ಲುತ್ತದೆ. ನಿಮ್ಮ ಪಿಸ್ತೂಲಿನಲ್ಲಿ ಅಂಥ ತಡೆಯಿಲ್ಲ. ಇದೇ ಬ್ರೌನಿಂಗ್ ಶುರುಮಾಡಿ ಬೆಲ್ಜಿಯಂನಲ್ಲಿ 1935ರಲ್ಲಿ ಪೂರ್ಣಗೊಂಡ ಹೈ ಪವರ್ ಪಿಸ್ತೂಲನ್ನು 1990ರ ದಶಕದಲ್ಲಿ .40 ತೋಟಾಕ್ಕೆ ಹೊಂದಿಸುವಾಗ ಹಳೆಯ ಫ್ರೇಮು ಆ ಏಟಿಗೆ ಒಗ್ಗಲಿಲ್ಲ. ಗಟ್ಟಿಯಾದ ಎರಕದ ಫ್ರೇಮು, ಬಲವಾದ ಸ್ಪ್ರಿಂಗು ಬೇಕಾಯಿತು.  ತೋಟಾ ಬದಲಾದರೆ ಯಂತ್ರದ ಹೊಂದಾಣಿಕೆಯಿಡೀ ಬದಲಾಗಬೇಕೆಂದು ಕಾರ್ಖಾನೆಗಳೇ ಒಪ್ಪಿಕೊಂಡಿವೆ.

ಇನ್ನು ಮುಂದೆ ಏನು ಮಾಡಬೇಕೆಂದು ಕೇಳಿದ್ದೀರಿ. ಬ್ಯಾರೆಲ್ಲು, ಲಿಂಕು, ಸ್ಲೈಡ್ ಸ್ಟಾಪು ಹೊಸದು ಹಾಕಿಸಿ, ಮೂರನ್ನೂ ಒಟ್ಟಿಗೆ. ಜಜ್ಜಿದ ಪಿನ್ನಿನ ಮೇಲೆ ಹೊಸ ಲಗ್ಗನ್ನು ಕೂರಿಸಿದರೆ ಹೊಸದೂ ಅದೇ ಆಕಾರಕ್ಕೆ ಬರುತ್ತದೆ. ಹಳಿಯ ಬಿರಿದ ಪಟ್ಟಿಯನ್ನು ಅಂಗಡಿಯವರು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ ಕೊಡುತ್ತಾರೆ. ಸ್ಪ್ರಿಂಗನ್ನು 18, 20 ಪೌಂಡಿನ ಆಸುಪಾಸಿಗೆ ಇಳಿಸಿ. ಹಿಂದಿನ ಏಟನ್ನು ತಗ್ಗಿಸಲು ಹ್ಯಾಮರಿನ ಕಡೆಗೆ ಹೋಗಿ: ಫೈರಿಂಗ್ ಪಿನ್ ಸ್ಟಾಪಿನ ಕೆಳ ಅಂಚು ದುಂಡಗಿದ್ದರೆ ಸ್ಲೈಡು ಹ್ಯಾಮರನ್ನು ಸಲೀಸಾಗಿ ಮಡಚಿ ಹಿಂದಕ್ಕೆ ಓಡುತ್ತದೆ. ಅಂಚು ಹೆಚ್ಚು ಚೌಕವಾಗಿದ್ದರೆ ಹ್ಯಾಮರನ್ನು ಎತ್ತುವುದೇ ಕಷ್ಟ. ಸ್ಲೈಡು ಹೊರಡುವ ಕ್ಷಣದಲ್ಲೇ, ಬ್ಯಾರೆಲ್ ಇನ್ನೂ ಕಚ್ಚಿಕೊಂಡಿರುವಾಗಲೇ, ವೇಗ ಕಳೆದುಕೊಳ್ಳುತ್ತದೆ. ಬ್ರೌನಿಂಗ್ ಕಾಲದ ಮೊದಲ ಪಿಸ್ತೂಲುಗಳಲ್ಲಿ ಅದು ಹಾಗೇ ಇತ್ತು, ಕೈಯಿಂದ ಎಳೆಯಲು ಸುಲಭವಾಗಲೆಂದು ಆಮೇಲೆ ದುಂಡಗೆ ಮಾಡಿದ್ದು. ಕೈಗೆ ಸ್ವಲ್ಪ ಬಿಗಿಯೆನಿಸುತ್ತದೆ. ಆದರೆ ಅಲ್ಲಿ ತಡೆದ ಶಕ್ತಿಯನ್ನು ಯಾವ ಸ್ಪ್ರಿಂಗೂ ಮುಂದಕ್ಕೆ ಹಿಂದಿರುಗಿಸುವುದಿಲ್ಲ. ನೂರು ಗುಂಡು ಹಾರಿಸಿದ ಮೇಲೆ ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿಯಿದೆಯೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಾತ್ರಿ ಮಾಡಿಕೊಂಡು ಬಿಚ್ಚಿ. ಲಗ್ಗಿನ ಎರಡೂ ಮುಖಕ್ಕೆ ಮಾರ್ಕರಿನ ಬಣ್ಣ ಹಚ್ಚಿ ಮತ್ತೆ ಹತ್ತು ಗುಂಡು ಹಾರಿಸಿ, ಬಣ್ಣ ಎಲ್ಲಿ ಹೋಯಿತೆಂದು ನೋಡಿ.

ತೋಟಾ ತುಂಬುವುದನ್ನು ಬಿಡಿ ಎನ್ನುವುದಿಲ್ಲ, ಅದೂ ಒಂದು ವಿದ್ಯೆ. ಕೈಪಿಡಿಯ ಕೆಳ ಅಳತೆಯಿಂದ ಮೇಲೇರಿ, ವೇಗ ಅಳೆಯುವ ಕ್ರೊನೊಗ್ರಾಫ್ ಇಟ್ಟು ತುಂಬಿ. ಕೈಪಿಡಿ ಹೇಳಿದ ವೇಗ ಬಂದಲ್ಲಿಗೆ ನಿಲ್ಲಿ. ಗುರಿಹಲಗೆಗೆ ಅಷ್ಟೇ ಸಾಕು.

ದೂರನ್ನು ಹಿಂದೆಗೆದುಕೊಳ್ಳಿ ಎಂದೂ ನಾನು ಹೇಳುವುದಿಲ್ಲ. 10 ಎಂಎಂ ಎಂದು ಮಾರಿದ ಫ್ರೇಮಿನಲ್ಲಿ, ಮೂವತ್ತು ವರ್ಷಕ್ಕೂ ಹಿಂದೆಯೇ ಗೊತ್ತಾಗಿದ್ದ ಆ ಚೂಪು ಮೂಲೆಯನ್ನು ಇನ್ನೂ ಏಕೆ ಉಳಿಸಿಕೊಂಡಿದ್ದೀರಿ ಎಂದು ಕೇಳುವ ಹಕ್ಕು ನಿಮಗಿದೆ. ಸ್ಪ್ರಿಂಗ್ ಎಷ್ಟು ಗುಂಡಿಗೆ ಬದಲಿಸಬೇಕೆಂದು ಅವರ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲವೆಂಬುದನ್ನು ನಾನೇ ಓದಿ ನೋಡಿದ್ದೇನೆ, ಅದನ್ನೂ ಕೇಳಿ. ಆದರೆ ಪತ್ರ ಬೇರೆ ಬರೆಯಿರಿ. ಉಕ್ಕು ಕಳಪೆ ಎಂಬ ಮಾತು ತೆಗೆಯಿರಿ, ಅದಕ್ಕೆ ನಿಮ್ಮ ಬಳಿ ಪುರಾವೆಯಿಲ್ಲ. ಎಷ್ಟು ಗುಂಡು ಹಾರಿಸಿದಿರಿ, ಅದರಲ್ಲಿ ಕಂಪನಿಯವೆಷ್ಟು, ನೀವು ತುಂಬಿದವೆಷ್ಟು, ಸ್ಪ್ರಿಂಗನ್ನು ಯಾವಾಗ ಬದಲಿಸಿದಿರಿ, ಎಷ್ಟು ಪೌಂಡಿನದು ಹಾಕಿದಿರಿ, ಅದಕ್ಕೂ ಮುಂಚೆ ಲಗ್ಗು ಹೇಗಿತ್ತು, ಇಷ್ಟನ್ನೂ ಮುಚ್ಚುಮರೆಯಿಲ್ಲದೆ ಬರೆಯಿರಿ. ನಾವು ತೆಗೆದ ಫೋಟೋಗಳನ್ನು ಕಳಿಸುತ್ತೇನೆ. ಗೈಡಿನ ಹಿಂದಿನ ತುಟಿಯ ಚಿತ್ರ ಮೊದಲಿರಲಿ, ಲಗ್ಗಿನ ಮುಂಬದಿಯದು ಅದರ ಪಕ್ಕದಲ್ಲಿ. ಹಳೆಯ ಸ್ಪ್ರಿಂಗನ್ನು ಮಾತ್ರ ಅಂಗಡಿಯಲ್ಲೇ ಇಟ್ಟುಕೊಂಡಿದ್ದೇವೆ. ಮುಂದಿನ ಶನಿವಾರ ಬ್ಯಾರೆಲ್ ಕೂರಿಸುವಾಗ ನೀವೂ ಬನ್ನಿ. ನಿಮ್ಮಂತೆಯೇ ಪಿಸ್ತೂಲು ಹಿಡಿದುಕೊಂಡು ಬಂದ ಇನ್ನಿಬ್ಬರು ಆ ಹೊತ್ತಿಗೆ ಅಲ್ಲಿರುತ್ತಾರೆ, ಅವರಿಗೂ ಸ್ಪ್ರಿಂಗಿನ ಉದ್ದ ತೋರಿಸುವುದಿದೆ.

ಇಂತಿ ನಿಮ್ಮ,
ಲೋಹದ ಬಿರುಕುಗಳನ್ನು ಓದುವ ಗೆಳೆಯ